ಕುಡಿತದ ಚಟ ಮತ್ತು ಮಾನಸಿಕ ಕಾಯಿಲೆ: ಎರಡಕ್ಕೂ ಒಟ್ಟಿಗೆ ಚಿಕಿತ್ಸೆ

ಗ್ರಾಮಸಭೆಗಳಲ್ಲಿ ಮದ್ಯಪಾನದ ವಿಷಯ ಪ್ರಸ್ತಾಪವಾದಾಗಲೆಲ್ಲ ಚರ್ಚೆಯು ಸಾಮಾನ್ಯವಾಗಿ ಎರಡು ಬೇಡಿಕೆಗಳಲ್ಲಿ ಮುಗಿಯುತ್ತದೆ. ಕಿರಾಣಿ ಅಂಗಡಿಗಳಲ್ಲಿ ನಡೆಯುವ ಅಕ್ರಮ ಮದ್ಯ ಮಾರಾಟವನ್ನು ನಿಲ್ಲಿಸಬೇಕು ಎಂಬುದು ಒಂದು. ಊರಿನಲ್ಲಿ ಮದ್ಯವರ್ಜನ ಶಿಬಿರ ಏರ್ಪಡಿಸಬೇಕು ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಇವೆರಡರಿಂದಲೂ ಪ್ರಯೋಜನ ಕಾಣದ ಕೆಲವರು ಪ್ರತಿ ಗ್ರಾಮದಲ್ಲಿಯೂ ಉಳಿದುಬಿಡುತ್ತಾರೆ. ಶಿಬಿರದಿಂದ ಬಂದ ತಿಂಗಳೊಳಗೆ ಮತ್ತೆ ಕುಡಿಯುವವರು, ಕುಡಿಯದ ದಿನವೂ ಒಬ್ಬರೇ ಮಾತನಾಡಿಕೊಳ್ಳುವವರು, ನೆರೆಮನೆಯವರು ಮಾಟ ಮಾಡಿಸಿದ್ದಾರೆಂದು ರಾತ್ರಿಯಿಡೀ ಬಡಿಗೆ ಹಿಡಿದು ಕೂರುವವರು, ಬೆಳೆಗೆ ಹೊಡೆಯುವ ಔಷಧಿ ಕುಡಿದು ಹೇಗೋ ಬದುಕುಳಿದವರು. ಊರು ಇವರನ್ನು ಸುಧಾರಿಸದ ಕುಡುಕರೆಂದು ಬದಿಗಿಡುತ್ತದೆ. ವೈದ್ಯರು ಪರೀಕ್ಷಿಸಿದರೆ ಇಂತಹವರಲ್ಲಿ ಅನೇಕರಿಗೆ ಒಂದಲ್ಲ, ಎರಡು ಕಾಯಿಲೆಗಳಿರುವುದು ಕಂಡುಬರುತ್ತದೆ: ಒಂದು ವ್ಯಸನ, ಇನ್ನೊಂದು ಖಿನ್ನತೆ, ಚಿತ್ತವಿಕಲತೆ ಅಥವಾ ಅಂತಹುದೇ ಮಾನಸಿಕ ರೋಗ.

ಈ ಜೋಡಿ ಕಾಯಿಲೆಯವರ ಸಂಕಷ್ಟವೇನೆಂದರೆ ಅವರಿಗೆ ಎರಡು ಬಾಗಿಲುಗಳಿದ್ದು, ಎರಡೂ ಕಡೆ ಪ್ರವೇಶವಿರುವುದಿಲ್ಲ. ತಲೆ ಕೆಟ್ಟವರನ್ನು ನೋಡಿಕೊಳ್ಳುವುದು ಸಾಧ್ಯವಿಲ್ಲವೆಂದು ಶಿಬಿರದವರು ಹಿಂದಕ್ಕೆ ಕಳುಹಿಸುತ್ತಾರೆ. ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಆಮೇಲೆ ಮಾತ್ರೆ ಕೊಡೋಣ ಎಂಬ ಉತ್ತರ ಆಸ್ಪತ್ರೆಯಲ್ಲಿ ದೊರೆಯುವುದುಂಟು. ಕುಟುಂಬದವರು ಬಸ್ಸಿನ ಖರ್ಚು ಮಾಡಿಕೊಂಡು ಎರಡು ಕಡೆಗೂ ಅಲೆದು, ಕೊನೆಗೆ ಗಾಣಗಾಪುರಕ್ಕೋ ದರ್ಗಾಕ್ಕೋ ಹರಕೆ ಹೊತ್ತು ಸುಮ್ಮನಾಗುತ್ತಾರೆ. ಹರಕೆಯ ಬಗ್ಗೆ ಆಕ್ಷೇಪಣೆಯಿಲ್ಲ. ಹರಕೆಯ ಜೊತೆಗೆ ಮಾತ್ರೆಯೂ ಸಿಗಬೇಕೆಂಬುದಷ್ಟೇ ಇಲ್ಲಿನ ಮಾತು.

ಎರಡೂ ಕಾಯಿಲೆಗಳು ಹೇಗೆ ಹೆಣೆದುಕೊಂಡಿರುತ್ತವೆ ಎಂಬುದನ್ನು ಸದಸ್ಯರು ದಿನನಿತ್ಯ ನೋಡುವ ಒಂದು ಸಂಗತಿಯಿಂದ ವಿವರಿಸಬಹುದು. ವಿದ್ಯುತ್ ಒತ್ತಡ ಕಡಿಮೆಯಾಗಿ ಕೊಳವೆಬಾವಿಯ ಮೋಟರ್ ಸುಡುತ್ತದೆ. ಮೋಟರನ್ನು ಮೇಲೆತ್ತಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸಲಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಗೆಯೇ ಇದ್ದರೆ ಹದಿನೈದು ದಿನಗಳಲ್ಲಿ ಮೋಟರ್ ಮತ್ತೆ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಸರಿಪಡಿಸಿ, ಸುಟ್ಟ ಮೋಟರನ್ನು ಹಾಗೆಯೇ ಬಿಟ್ಟರೂ ನಲ್ಲಿಯಲ್ಲಿ ನೀರು ಬರುವುದಿಲ್ಲ. ಯಾವುದು ಮೊದಲು ಕೆಟ್ಟಿತು ಎಂಬ ವಿಚಾರಣೆ ಮುಗಿಯುವವರೆಗೆ ಊರಿಗೆ ನೀರು ನಿಲ್ಲಿಸುವುದನ್ನು ಯಾವ ಸದಸ್ಯರೂ ಒಪ್ಪುವುದಿಲ್ಲ. ಜೋಡಿ ಕಾಯಿಲೆಯ ರೋಗಿಯ ವಿಷಯದಲ್ಲಿ ಮಾತ್ರ ಇಂತಹ ವಿಚಾರಣೆ ವರ್ಷಗಟ್ಟಲೆ ನಡೆಯುತ್ತಿರುತ್ತದೆ.

ದೇಹದೊಳಗೆ ನಡೆಯುವುದು ಹೀಗೆ. ಮದ್ಯವು ಚಿಂತೆ ಮತ್ತು ಭಯವನ್ನು ಕೆಲವು ಗಂಟೆಗಳ ಕಾಲ ಮಂಕಾಗಿಸುತ್ತದೆ. ಅದು ಇಳಿದಾಗ ಅದೇ ಚಿಂತೆ ಇಮ್ಮಡಿಯಾಗಿ ಮರಳುತ್ತದೆ, ನಿದ್ರೆ ಒಡೆಯುತ್ತದೆ, ಬೆಳಗಿನ ಜಾವ ಎದೆ ನಡುಗುತ್ತದೆ. ಅದನ್ನು ತಣಿಸಲು ಮತ್ತೆ ಕುಡಿತ. ಸೋಯಾಬೀನ್ ಕೊಯ್ಲಿನ ಹೊತ್ತಿಗೆ ಮಳೆ ಸುರಿದು ಫಸಲು ಕೊಳೆತ ರೈತನೊಬ್ಬ ಖಿನ್ನತೆಗೆ ಜಾರಿ, ನಿದ್ರೆಗಾಗಿ ಕುಡಿಯಲಾರಂಭಿಸಬಹುದು. ಇನ್ನೊಬ್ಬನು ಗೆಳೆಯರ ಸಹವಾಸದಿಂದ ಕುಡಿಯಲಾರಂಭಿಸಿ, ಹತ್ತು ವರ್ಷಗಳ ಕುಡಿತದಿಂದಲೇ ಖಿನ್ನನಾಗಿರಬಹುದು. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಬಗೆಯಾಗಿ ಕಾಣುತ್ತಾರೆ. ಕುಡಿತದಿಂದಲೇ ಉಂಟಾದ ಖಿನ್ನತೆಯು ಬಹುಪಾಲು ಜನರಲ್ಲಿ ಕುಡಿತ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಅನಂತರವೂ ಉಳಿದರೆ, ಅಥವಾ ಕುಡಿತಕ್ಕೆ ಮೊದಲೇ ಇತ್ತೆಂದು ಮನೆಯವರು ಹೇಳಿದರೆ, ಅದು ಸ್ವತಂತ್ರ ಕಾಯಿಲೆಯೆಂದು ವೈದ್ಯರು ಪರಿಗಣಿಸುತ್ತಾರೆ. ಗಾಂಜಾ ಸೇದುವ ಹದಿಹರೆಯದವರಲ್ಲಿ ಚಿತ್ತವಿಕಲತೆ ಕಾಣಿಸಿಕೊಳ್ಳುವ ಅಪಾಯ ಹೆಚ್ಚು. ಎಷ್ಟು ಚಿಕ್ಕ ವಯಸ್ಸಿನಲ್ಲಿ, ಎಷ್ಟು ಹೆಚ್ಚು ಸೇವನೆಯೋ ಅಷ್ಟು ಅಪಾಯ.

ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು, ನೂರಕ್ಕೆ 4.6 ಮಂದಿಗೆ ಮದ್ಯಸೇವನೆಯ ಕಾಯಿಲೆಯಿತ್ತು. ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಆದರೂ ಅಂದಾಜಿಗೆ ಅನ್ವಯಿಸಿದರೆ, 4,000 ವಯಸ್ಕರಿರುವ ಒಂದು ಗ್ರಾಮ ಪಂಚಾಯಿತಿಯಲ್ಲಿ ಮದ್ಯದ ಕಾಯಿಲೆಯವರು 180ರ ಆಸುಪಾಸು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಇನ್ನೊಂದು ಲೆಕ್ಕ ಕೊಡುತ್ತದೆ: ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಜೋಡಿ ಕಾಯಿಲೆಯವರು ಉಳಿದ 37ರಲ್ಲಿಯೇ ಕೊನೆಯ ಸಾಲಿನಲ್ಲಿರುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಒಮ್ಮೆಲೇ ನಿಲ್ಲಿಸುವುದರ ಅಪಾಯ

ಈ ಭಾಗದ ಸದಸ್ಯರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೆಂದರೆ ಕುಡಿತವನ್ನು ಒಮ್ಮೆಲೇ ನಿಲ್ಲಿಸುವುದು ಜೀವಕ್ಕೆ ಅಪಾಯವಾಗಬಹುದು ಎಂಬುದು. ವರ್ಷಗಟ್ಟಲೆ ಪ್ರತಿದಿನ ಕುಡಿಯುವವರಲ್ಲಿ ಕೊನೆಯ ಕುಡಿತದ ಆರೇಳು ಗಂಟೆಗಳಿಂದ ಕೈನಡುಕ, ಬೆವರು, ವಾಂತಿ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರು ದಿಕ್ಕುದೆಸೆ ತಪ್ಪಿ, ಗೋಡೆಯ ಮೇಲೆ ಹುಳು ಹರಿಯುವುದನ್ನು ಕಾಣುತ್ತಾರೆ, ಇಲ್ಲದವರೊಡನೆ ಮಾತನಾಡುತ್ತಾರೆ, ಎದ್ದು ಓಡುತ್ತಾರೆ. ಇದನ್ನೇ ಊರಿನಲ್ಲಿ ಗಾಳಿ ಸೋಕಿದೆ ಎನ್ನುವುದು. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾವೂ ಸಂಭವಿಸುತ್ತದೆ. ಆಸ್ಪತ್ರೆಯಲ್ಲಿ ನಿದ್ರಾಜನಕ ಔಷಧಿಗಳನ್ನು ಲೆಕ್ಕಹಾಕಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ಬಿ1 ಜೀವಸತ್ವದ ಚುಚ್ಚುಮದ್ದು ನೀಡುತ್ತಾರೆ. ಊಟ ಬಿಟ್ಟು ಕುಡಿದವರಲ್ಲಿ ಈ ಜೀವಸತ್ವ ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಸಾಧ್ಯತೆಯಿದೆ. ಮೂರ್ಛೆ ಬಂದವರ ಕೈಗೆ ಬೀಗದ ಕೈಗೊಂಚಲು ಕೊಡುವುದರಿಂದ ಏನೂ ಆಗುವುದಿಲ್ಲ. ಅವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, 108 ವಾಹನಕ್ಕೆ ಕರೆ ಮಾಡಬೇಕು.

ಗಡಿಭಾಗದ ಕಲಬೆರಕೆ ಸೇಂದಿಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಸಿ.ಎಚ್. ಪೌಡರ್ ಎಂದು ಕರೆಯಲಾಗುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಂ, ಆಲ್ಪ್ರಜೋಲಾಂ ಮುಂತಾದ ಮತ್ತಿನ ರಾಸಾಯನಿಕಗಳನ್ನು ನೀರಿಗೆ ಬೆರೆಸಿ ಸೇಂದಿಯೆಂದು ಮಾರಲಾಗುತ್ತದೆ. ಕುಡಿಯುವವರು ಮರದ ರಸವೆಂದು ಭಾವಿಸಿ ವಾಸ್ತವದಲ್ಲಿ ನಿದ್ರೆಮಾತ್ರೆಗೆ ದಾಸರಾಗಿರುತ್ತಾರೆ. 2015ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರವು ಕಲಬೆರಕೆಯ ವಿರುದ್ಧ ಬಿಗಿ ಕ್ರಮ ಕೈಗೊಂಡಾಗ, ಔರಾದ್ ತಾಲ್ಲೂಕಿಗೆ ಹೊಂದಿಕೊಂಡಿರುವ ಅಂದಿನ ನಿಜಾಮಾಬಾದ್ ಮತ್ತು ಮೆದಕ್ ಜಿಲ್ಲೆಗಳಲ್ಲಿ ನೂರಾರು ಜನ ಮೂರ್ಛೆ ಹಾಗೂ ಭ್ರಮೆಗಳಿಂದ ಆಸ್ಪತ್ರೆ ಸೇರಿದರು, ಸಾವುಗಳೂ ವರದಿಯಾದವು. ಅವರಲ್ಲಿ ಮಹಿಳೆಯರೂ ಇದ್ದರು ಎಂಬುದನ್ನು ಮರೆಯಬಾರದು. ಮಹಿಳೆಯರ ಕುಡಿತವನ್ನು ಮನೆಯವರು ಮುಚ್ಚಿಡುವುದರಿಂದ ಅವರ ಚಿಕಿತ್ಸೆ ಇನ್ನಷ್ಟು ತಡವಾಗುತ್ತದೆ. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಕರ್ನಾಟಕದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದಾಗಲೂ ಇದೇ ಬಗೆಯ ಪ್ರಕರಣಗಳು ರಾಜ್ಯದ ಹಲವೆಡೆ ಕಂಡುಬಂದವು.

ಆದುದರಿಂದ ಅಕ್ರಮ ಮಾರಾಟದ ವಿರುದ್ಧ ಪಂಚಾಯಿತಿ ಠರಾವು ಮಾಡುವಾಗ, ಅದೇ ಠರಾವಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಮುಂಚಿತವಾಗಿ ತಿಳಿಸುವ ಅಂಶವೂ ಸೇರಿರಬೇಕು. ಅಂಗಡಿ ಮುಚ್ಚಿದ ಮರುದಿನವೇ ಆಸ್ಪತ್ರೆಯ ಅಗತ್ಯ ಬೀಳುತ್ತದೆ.

ಜೋಳಿಗೆ, ಶಿಬಿರ ಮತ್ತು ಆಸ್ಪತ್ರೆ

ವ್ಯಸನ ಬಿಡಿಸುವ ಪರಂಪರೆ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ಅಲೆದು, ಹಣಕ್ಕೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಬೀಡಿ ಕಟ್ಟು, ಗುಟ್ಕಾ ಚೀಟಿ, ಬಾಟಲಿಗಳು ಆ ಮಹಾಂತ ಜೋಳಿಗೆಗೆ ಬಿದ್ದವು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ಅನೇಕ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿವೆ. ಹತ್ತು ಜನರ ಎದುರು ಮಾಡಿದ ಸಂಕಲ್ಪಕ್ಕೆ ಬಲವಿದೆ. ಅದನ್ನು ಲಘುವಾಗಿ ಕಾಣಬೇಕಾಗಿಲ್ಲ. ಆದರೆ ಕಿವಿಯಲ್ಲಿ ಧ್ವನಿ ಕೇಳುವವನು ಬಾಟಲಿಯನ್ನು ಜೋಳಿಗೆಗೆ ಹಾಕಿದ ಮೇಲೂ ಧ್ವನಿ ಉಳಿದೇ ಇರುತ್ತದೆ. ಸಂಕಲ್ಪ ಮುರಿದನೆಂಬ ಅಪವಾದ ಅವನ ಮೇಲೆ ಬೀಳುತ್ತದೆ, ಅವನು ಎರಡನೆಯ ಬಾರಿ ಶಿಬಿರದ ಕಡೆ ತಲೆ ಹಾಕುವುದಿಲ್ಲ. ಶಿಬಿರ ಆರಂಭವಾಗುವ ಮೊದಲ ದಿನವೇ ಜಿಲ್ಲಾ ಮಾನಸಿಕ ಆರೋಗ್ಯ ತಂಡದಿಂದ ಪ್ರತಿಯೊಬ್ಬರ ತಪಾಸಣೆ ನಡೆಸಿದರೆ ಇಂತಹವರನ್ನು ಗುರುತಿಸಬಹುದು. ಗುರುತಿಸಿದ ಮೇಲೆ ಅವರನ್ನು ಶಿಬಿರದಿಂದ ಹೊರಗಿಡಬಾರದು. ಚಿಕಿತ್ಸೆಯನ್ನು ಶಿಬಿರದೊಳಗೆ ತರಬೇಕು.

ಎರಡು ಕಾಯಿಲೆಗಳಿಗೂ ಒಂದೇ ತಂಡ ಏಕಕಾಲದಲ್ಲಿ ಚಿಕಿತ್ಸೆ ನೀಡುವ ಪದ್ಧತಿಯನ್ನು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಡಾ. ರಾಬರ್ಟ್ ಡ್ರೇಕ್ ಮತ್ತು ಸಹೋದ್ಯೋಗಿಗಳು ವ್ಯವಸ್ಥಿತವಾಗಿ ರೂಪಿಸಿದರು. ಅದರ ತಿರುಳು ಸರಳ. ಕುಡಿತ ಬಿಟ್ಟಿರಬೇಕೆಂಬುದು ಚಿಕಿತ್ಸೆಗೆ ಪೂರ್ವಷರತ್ತಲ್ಲ. ಮೊದಲು ರೋಗಿಯ ವಿಶ್ವಾಸ ಗಳಿಸುವುದು, ಅನಂತರ ಬದಲಾವಣೆಗೆ ಒಪ್ಪಿಸುವುದು, ಆಮೇಲೆ ಚಿಕಿತ್ಸೆ, ಕೊನೆಗೆ ಮರುಕಳಿಸದಂತೆ ಎಚ್ಚರ. ಇದಕ್ಕೆ ಹಿಡಿಯುವ ಕಾಲವನ್ನು ವಾರಗಳಲ್ಲಿ ಎಣಿಸದೆ ವರ್ಷಗಳಲ್ಲಿ ಎಣಿಸಬೇಕು. ಇದು ಪವಾಡವಲ್ಲ; ಎಲ್ಲರೂ ಗುಣವಾಗುವುದಿಲ್ಲ. ಆದರೆ ಎರಡು ಬಾಗಿಲುಗಳ ನಡುವೆ ಕಳೆದುಹೋಗುವವರ ಸಂಖ್ಯೆ ಕಡಿಮೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ ಮನೋವೈದ್ಯಕೀಯ ವಿಭಾಗವೂ ಒಂದೇ ಆವರಣದಲ್ಲಿವೆ. ಆದರೆ ಅದು ಭಾಲ್ಕಿಯಿಂದ ಸುಮಾರು 700 ಕಿ.ಮೀ. ದೂರ.

ದೂರದ ಆಸ್ಪತ್ರೆಯ ಚಿಕಿತ್ಸೆಯನ್ನು ಊರಿಗೆ ತರುವ ದಾರಿಯೂ ಕರ್ನಾಟಕದಲ್ಲಿಯೇ ಹುಟ್ಟಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗಕ್ಕೆ ಹತ್ತಿರದಲ್ಲಿಯೇ ಔಷಧಿ ಸಿಗುವಂತೆ ಮಾಡಿತು. ಬಳ್ಳಾರಿ ಮಾದರಿಯೆಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆಯಿದೆ. ಭಾಲ್ಕಿ, ಔರಾದ್ ಆಸ್ಪತ್ರೆಗಳಲ್ಲಿ ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂಬುದನ್ನು ಆಡಳಿತ ವೈದ್ಯಾಧಿಕಾರಿಗಳಿಂದ ತಿಳಿದು ಪಂಚಾಯಿತಿ ಫಲಕದಲ್ಲಿ ಬರೆಸಬೇಕು. ಒಳರೋಗಿಯಾಗಿ ದಾಖಲಾಗಬೇಕಾದವರಿಗೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್ ಆಸ್ಪತ್ರೆ ಹತ್ತಿರದ್ದು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯು 2022ರ ಅಕ್ಟೋಬರ್ 10ರಿಂದ ಹಗಲಿರುಳು ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು.

ಕಾನೂನು ಏನು ಹೇಳುತ್ತದೆ

2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಅಂದರೆ ಕಾನೂನಿನ ದೃಷ್ಟಿಯಲ್ಲಿ ಎರಡು ಬಾಗಿಲುಗಳಿಲ್ಲ. ಪ್ರಕರಣ 18ರಂತೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಕುಡಿದಿದ್ದಾನೆ ಎಂಬ ಒಂದೇ ಕಾರಣಕ್ಕೆ ಹಿಂದಕ್ಕೆ ಕಳುಹಿಸಿದ ಪ್ರಸಂಗ ಬಂದರೆ, ಸದಸ್ಯರು ಜಗಳವಾಡದೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಹೆಚ್ಚು ಫಲಕಾರಿ.

ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ಪ್ರಕರಣ 95 ನಿಷೇಧಿಸುತ್ತದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ತಗುಲಿದಾಗ, ಸರಪಳಿಯಲ್ಲಿದ್ದ ಕಾರಣ ಓಡಲಾರದೆ 28 ಜನ ಸುಟ್ಟು ಸತ್ತರು. ವಾಸ್ತವ್ಯ ನೀಡಿ ಚಿಕಿತ್ಸೆ ಕೊಡುವ ಯಾವುದೇ ಕೇಂದ್ರವು ನೋಂದಣಿ ಪಡೆದಿರಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಇಂತಹ ಕೇಂದ್ರ ತೆರೆಯಲು ಅರ್ಜಿ ಬಂದರೆ ಮೊದಲು ಕೇಳಬೇಕಾದ ಕಾಗದ ಅದು. ಮನೆಯಲ್ಲಿ ಯಾರನ್ನಾದರೂ ಕೂಡಿಹಾಕಿ ಹಿಂಸಿಸುತ್ತಿರುವುದು ಅಥವಾ ಕಡೆಗಣಿಸಿರುವುದು ತಿಳಿದುಬಂದರೆ, ಪ್ರಕರಣ 101ರ ಪ್ರಕಾರ ಪೊಲೀಸ್ ಠಾಣೆಗೆ ತಿಳಿಸಬೇಕು. ಆದರೆ ಬಹುತೇಕ ಮನೆಗಳಲ್ಲಿ ಹಗ್ಗ ಕಟ್ಟುವುದಕ್ಕೆ ಕಾರಣ ಬೇರೆ ದಾರಿ ಕಾಣದಿರುವುದು, ಕ್ರೌರ್ಯವಲ್ಲ. ವಾಹನದ ವ್ಯವಸ್ಥೆ ಮಾಡಿ ಆಸ್ಪತ್ರೆಗೆ ಸೇರಿಸಲು ಪಂಚಾಯಿತಿ ಮುಂದಾದರೆ ಹಗ್ಗ ತಾನಾಗಿ ಬಿಚ್ಚುತ್ತದೆ.

ಆತ್ಮಹತ್ಯೆಗೆ ಯತ್ನಿಸಿದವರನ್ನು ಪ್ರಕರಣದ ಭಯದಿಂದ ಆಸ್ಪತ್ರೆಗೆ ತರದಿರುವುದು ಇಂದಿಗೂ ಇದೆ. ಪ್ರಕರಣ 115ರ ಪ್ರಕಾರ ಅಂತಹವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ನೀಡುವುದು ಸರ್ಕಾರದ ಕರ್ತವ್ಯ. ಗಾಂಜಾ ಸೇವನೆಯ ವಿಷಯದಲ್ಲಿಯೂ, ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕರಣ 64ಎ ಶಿಕ್ಷಾ ವಿಚಾರಣೆಯಿಂದ ವಿನಾಯಿತಿಗೆ ಅವಕಾಶ ಕೊಡುತ್ತದೆ. ತಂದೆ ತಾಯಿಗಳಿಗೆ ಈ ಸಂಗತಿ ತಿಳಿದರೆ ಮಗನನ್ನು ಮುಚ್ಚಿಡುವುದು ಕಡಿಮೆಯಾಗುತ್ತದೆ.

ಪಂಚಾಯಿತಿ ಮಾಡಬಹುದಾದ ಕೆಲಸ

ವೈದ್ಯರಿಗೆ ಅತ್ಯಂತ ಅಗತ್ಯವಾದ ಮಾಹಿತಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಊರಿನಲ್ಲಿ ಸಿಗುತ್ತದೆ. ಕುಡಿತ ಆರಂಭವಾದದ್ದು ಯಾವಾಗ, ಅದಕ್ಕೆ ಮೊದಲು ಸ್ವಭಾವ ಹೇಗಿತ್ತು, ಶ್ರಾವಣದಲ್ಲಿಯೋ ರಂಜಾನ್ ಉಪವಾಸದಲ್ಲಿಯೋ ಕುಡಿತ ಬಿಟ್ಟಿದ್ದ ವಾರಗಳಲ್ಲಿ ನಿದ್ರೆ, ಮಾತು, ಊಟ ಹೇಗಿದ್ದವು, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇದೇ ಬಗೆಯ ತೊಂದರೆಯಿತ್ತೇ. ಇವುಗಳಿಗೆ ಉತ್ತರ ಹೇಳಬಲ್ಲವರು ತಾಯಿ, ಹೆಂಡತಿ, ಅಣ್ಣತಮ್ಮಂದಿರು. ರೋಗಿಯನ್ನು ಒಬ್ಬನೇ ಕಳುಹಿಸದೆ, ಇದನ್ನು ಹೇಳಬಲ್ಲ ಒಬ್ಬರನ್ನು ಜೊತೆಗೆ ಕಳುಹಿಸಬೇಕು. ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಬೇಕು. ಬೀಡಿ ಸೇದುವವರು ಅದನ್ನು ಬಿಟ್ಟರೆ ಆ ಸಂಗತಿಯನ್ನೂ ವೈದ್ಯರಿಗೆ ಹೇಳಬೇಕು. ಹೊಗೆಯು ಕೆಲವು ಮನೋರೋಗದ ಔಷಧಿಗಳ ಪರಿಣಾಮವನ್ನು ತಗ್ಗಿಸುವುದರಿಂದ, ಬಿಟ್ಟಾಗ ಪ್ರಮಾಣ ಬದಲಿಸಬೇಕಾಗಬಹುದು. ಕುಡಿದು ಬಂದ ದಿನ ಏನು ಮಾಡಬೇಕೆಂಬುದನ್ನು ಮೊದಲೇ ಕೇಳಿಕೊಂಡಿರಬೇಕು. ಹೆದರಿ ಮಾತ್ರೆಗಳನ್ನು ಪೂರ್ತಿಯಾಗಿ ನಿಲ್ಲಿಸಿಬಿಡುವುದೇ ಕಾಯಿಲೆ ಮರುಕಳಿಸುವುದಕ್ಕೆ ಒಂದು ದೊಡ್ಡ ಕಾರಣ.

ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಯ ಜಾಹೀರಾತುಗಳನ್ನು ಗೋಡೆಗಳ ಮೇಲೆ ಕಾಣಬಹುದು. ಇಂತಹ ಉದ್ದೇಶಕ್ಕೆ ಬಳಕೆಯಾಗುವ ಡೈಸಲ್ಫಿರಾಮ್ ಔಷಧಿ ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಚಿತ್ತವಿಕಲತೆ ಇರುವವರಲ್ಲಿ ಅದು ರೋಗವನ್ನೂ ಕೆರಳಿಸಬಲ್ಲದು. ಅದನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಕೊಡುತ್ತಾರೆ. ಪಂಚಾಯಿತಿ ಕಟ್ಟಡಗಳ ಗೋಡೆಯ ಮೇಲಾದರೂ ಇಂತಹ ಜಾಹೀರಾತು ಇರಬಾರದು.

ಯಾರಿಗೆ ಸಹಾಯ ಬೇಕೆಂಬುದು ಆಶಾ ಕಾರ್ಯಕರ್ತೆಯರಿಗೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಉದ್ಯೋಗ ಖಾತರಿ ಕೆಲಸದ ಕಾಯಕ ಬಂಧುಗಳಿಗೆ ಬಹುಮಟ್ಟಿಗೆ ತಿಳಿದಿರುತ್ತದೆ. ಕೆಲಸಕ್ಕೆ ಬರುತ್ತಿದ್ದವನು ತಿಂಗಳಿಂದ ಕಾಣುತ್ತಿಲ್ಲವೆಂಬುದು ಮೊದಲು ಗೊತ್ತಾಗುವುದು ಕಾಯಕ ಬಂಧುವಿಗೆ. ಸಾಮಾಜಿಕ ನ್ಯಾಯ ಸಮಿತಿ ಇವರೆಲ್ಲರೊಡನೆ ಎರಡು ತಿಂಗಳಿಗೊಮ್ಮೆ ಕುಳಿತರೆ ಸಾಕು. ಆದರೆ ಹೆಸರುಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬಾರದು, ನಡಾವಳಿಯಲ್ಲಿ ಬರೆಯಬಾರದು, ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು. ರೋಗದ ಮಾಹಿತಿ ಗುಪ್ತವಾಗಿರಬೇಕೆಂಬುದು ಅಧಿನಿಯಮದ ಪ್ರಕರಣ 23ರಂತೆ ರೋಗಿಯ ಹಕ್ಕು. ಒಮ್ಮೆ ಹೆಸರು ಹೊರಬಿದ್ದರೆ ಆ ಮನೆಯ ಬಾಗಿಲು ಆಶಾ ಕಾರ್ಯಕರ್ತೆಗೂ ಮುಚ್ಚುತ್ತದೆ.

ಮನೋರೋಗದಿಂದ ದೀರ್ಘಕಾಲ ದುಡಿಯಲಾರದವರು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 21 ಬಗೆಯ ಅಂಗವೈಕಲ್ಯಗಳ ವ್ಯಾಪ್ತಿಗೆ ಬರುತ್ತಾರೆ, ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಸಲು ಪುನರ್ವಸತಿ ಕಾರ್ಯಕರ್ತರಿಗೆ ಸೂಚಿಸಬೇಕು. ಕುಡುಕನೆಂಬ ಹಣೆಪಟ್ಟಿಯ ಕಾರಣದಿಂದ ಈ ಅರ್ಜಿಯನ್ನೇ ಬರೆಯದೆ ಬಿಟ್ಟಿರುವ ಸಂಭವವಿದೆ.

ಚಿಕಿತ್ಸೆ ಆರಂಭವಾದ ಮೇಲೆ ಅದು ನಿಂತುಹೋಗುವುದು ಹೆಚ್ಚಾಗಿ ಹಣದ ಸಣ್ಣ ಲೆಕ್ಕದಿಂದ. ಸರ್ಕಾರಿ ಆಸ್ಪತ್ರೆಯ ಮಾತ್ರೆ ಉಚಿತ; ಮಂಗಳವಾರದ ಕೂಲಿ ಉಚಿತವಲ್ಲ. ಗಂಡನನ್ನು ಕರೆದುಕೊಂಡು ಭಾಲ್ಕಿಗೆ ಹೋಗುವ ಹೆಂಡತಿ ಆ ದಿನ ಇಬ್ಬರ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ರೋಗ ಹತೋಟಿಗೆ ಬಂದವರಿಗೆ ಮುಂದಿನ ತಿಂಗಳುಗಳ ಮಾತ್ರೆಯನ್ನು ತಾಲ್ಲೂಕು ಆಸ್ಪತ್ರೆಯ ಚೀಟಿಯ ಆಧಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಕೊಡುವಂತೆ ಪಂಚಾಯಿತಿಯು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯಬಹುದು. ಪತ್ರದಲ್ಲಿ ರೋಗಿಗಳ ಹೆಸರು ಬೇಡ. ಎಷ್ಟು ಜನರಿಗೆ, ಯಾವ ಕೇಂದ್ರದಲ್ಲಿ ಬೇಕು ಎಂಬ ಸಂಖ್ಯೆಯಿದ್ದರೆ ಸಾಕು.